ನಿಂತು ತಿಂದದ್ದನ್ನೂ ಬರೆಯಿರಿ, ಅಜ್ಜಿ

ಫೆಬ್ರವರಿ ೩೧, ೨೧೮೭
ಹನ್ನೊಂದನೆಯ ಗೋಪುರದೋಟ, ತುಮಕೂರು

ಪೂಜ್ಯ ಸರ್ವಮಂಗಳಾ ಅಜ್ಜಿಯವರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ ಕೊಟ್ಟಿದ್ದಾರೆ. ಹೆಚ್ಚಿನ ದಿನಗಳನ್ನು ಎಲ್ಲಿಂದ ತಂದರೆಂದು ವಿವರಿಸಲು ಹೊರಟರೆ ಕಾಗದ ಅದಕ್ಕೇ ಮುಗಿದುಹೋದೀತು. ನಡುನಡುವೆ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಅದಕ್ಕೂ ಕ್ಷಮೆಯಿರಲಿ. ನಾನು ಗಂಗಲೆ, ನಿಮ್ಮಿಂದ ಆರನೆಯ ತಲೆಮಾರಿನವಳು. ನೀವು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಈ ಕಾಗದ ನಿಮ್ಮ ಕೈಸೇರುವ ಹೊತ್ತಿಗೆ ನಿಮಗೆ ನಲವತ್ತೊಂದು ವರ್ಷ, ನನಗೆ ಈಗ ನಲವತ್ತಾರು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ. ಇನ್ನು ಮುಂದೆ ನಿಮ್ಮನ್ನು ಸ್ವಲ್ಪ ಬೈಯುವುದಿದೆ, ಕೊನೆಯ ಪಕ್ಷ ಕರೆಯುವಾಗಲಾದರೂ ಮರ್ಯಾದೆ ಇರಲಿ.

ಇದು ಹಿಂದಂಚೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆ. ನಾನು ಇಲ್ಲಿ ಒಂದೊಂದೇ ಸಾಲು ಬರೆಯುತ್ತಿದ್ದಂತೆ ಅದು ನಿಮ್ಮೆದುರಿನ ಯಾವುದಾದರೂ ಖಾಲಿ ಹಾಳೆಯಲ್ಲಿ ಮೂಡುತ್ತದೆ. ನಿಮ್ಮ ಶಾಲೆಯ ಕಿರುಪರೀಕ್ಷೆಯ ಉತ್ತರಪತ್ರಿಕೆಯ ಬೆನ್ನಿನ ಮೇಲೆ ಮೂಡುತ್ತಿದ್ದರೆ ಆ ಮಗುವಿನ ಕ್ಷಮೆಯನ್ನೂ ಕೇಳುತ್ತೇನೆ. ನಿಮ್ಮ ಕಡೆ ಏನನ್ನು ಬದಲಿಸಿದರೂ ಇಲ್ಲಿ ಹಳೆಯ ಕಾಗದಗಳ ಮೇಲಿನ ಬರಹವಷ್ಟೇ ಬದಲಾಗುತ್ತದೆ. ನನ್ನ ತೂಕ ಬದಲಾಗುವುದಿಲ್ಲ, ಅದನ್ನು ಮೊದಲೇ ವಿಚಾರಿಸಿಕೊಂಡಿದ್ದೇನೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಿಂದಂಚೆ, ಅದೂ ಮೂರೇ ಹಾಳೆ. ಜನ ಅದನ್ನು ತೀರಿಕೊಂಡ ತಾಯಿಗೆ ಬರೆಯುತ್ತಾರೆ, ಮುಳುಗಲಿರುವ ಊರಿಗೆ ಬರೆಯುತ್ತಾರೆ, ಬೇಡ ಎಂದು ಹೇಳಿ ಕಳೆದುಕೊಂಡ ಗಂಡಿಗೆ ಬರೆಯುತ್ತಾರೆ. ನಾನು ಅದನ್ನು ಕೋಡುಬಳೆಗಾಗಿ ಖರ್ಚು ಮಾಡುತ್ತಿದ್ದೇನೆ. ವಿಷಯ ಏನೆಂದು ಕೇಳಿದ ಅಂಚೆಯವಳು ನನ್ನ ಉತ್ತರ ಕೇಳಿ ಎರಡು ಸಲ ಮುಖ ನೋಡಿದಳು.

ಮೊದಲು ನನ್ನ ಕೆಲಸದ ಬಗ್ಗೆ ಹೇಳುತ್ತೇನೆ, ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ನಿಮ್ಮ ತುಮಕೂರಿನಲ್ಲಿ ಹೊಲಗಳು ಊರಾಚೆ ಮಲಗಿದ್ದವಂತೆ. ನಮ್ಮಲ್ಲಿ ಅವು ಎದ್ದು ನಿಂತಿವೆ. ಇಪ್ಪತ್ತೆರಡು ಅಂತಸ್ತಿನ ಗೋಡೆಯ ತುಂಬ ಅವರೆ, ಬಟಾಣಿ, ಟೊಮೆಟೊ, ಹೀರೆ ಬೆಳೆಯುತ್ತೇವೆ. ಹಗ್ಗಕ್ಕೆ ಕಟ್ಟಿದ ಒಂದು ಮಣೆಯ ಮೇಲೆ ಕುಳಿತು, ಮೇಲಿನಿಂದ ಇಳಿಯುತ್ತ ಕಾಯಿ ಬಿಡಿಸುವುದು ನನ್ನ ಕೆಲಸ. ಆ ಮಣೆಗೆ ತೂಗುಮಣೆ ಎನ್ನುತ್ತೇವೆ. ಇಪ್ಪತ್ತು ವರ್ಷದಿಂದ ಅದರ ಮೇಲಿದ್ದೇನೆ. ಹತ್ತೊಂಬತ್ತನೆಯ ಅಂತಸ್ತಿನಲ್ಲಿ ಬೆಳಗಿನ ಗಾಳಿಗೆ ಕಾಲು ತೂಗುಬಿಟ್ಟು ಕೂತರೆ ದೇವರಾಯನದುರ್ಗ ಕಾಣುತ್ತದೆ. ಆ ನೋಟ ಬಿಟ್ಟು ನನಗೆ ಬೇರೆ ಆಸೆಯಿಲ್ಲ. ಆದರೆ ತೂಗುಮಣೆಗೆ ಒಂದು ಮಿತಿಯಿದೆ: ಕುಳಿತವರು ಅರವತ್ತೆಂಟು ಕಿಲೋ ದಾಟಬಾರದು. ನಾನು ಎಪ್ಪತ್ತಮೂರು ಇದ್ದೇನೆ. ಯುಗಾದಿಗೆ ಮತ್ತೆ ತೂಗುತ್ತಾರೆ. ಅಷ್ಟರಲ್ಲಿ ಇಳಿಯದಿದ್ದರೆ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆಯಲ್ಲಿ ಕುಳಿತು, ನಿವೃತ್ತಿಯಾಗುವ ತನಕ ಬೀಜ ಆರಿಸಬೇಕು. ಯುಗಾದಿಗೆ ಇನ್ನು ಇಪ್ಪತ್ತಾರು ದಿನ.

ಐದು ಕಿಲೋ ಇಳಿಸುವುದು ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೆ ಸುಲಭವಾಗಿರುತ್ತದೆಂದು ನೀವು ಅಂದುಕೊಂಡಿರಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು. ಗೋಡೆಗೆ ಹೊಲ ಹತ್ತಿಸಿದವರು, ನಿನ್ನೆಗೆ ಕಾಗದ ಹಾಕುವವರು, ಹೊಟ್ಟೆಯ ಮುಂದೆ ಮಾತ್ರ ಈಗಲೂ ನಿಮ್ಮ ಹಾಗೇ ಕೈಕಟ್ಟಿ ನಿಂತಿದ್ದೇವೆ. ನಮಗೆ ಸಿಕ್ಕಿರುವುದು ಹಸಿವುಮಣಿ ಎಂಬ ಒಂದು ವಸ್ತು. ಮೆಣಸಿನ ಕಾಳಿನಷ್ಟು ಚಿಕ್ಕದು, ಕಿವಿಯ ಹಿಂದೆ ಚರ್ಮದಡಿ ಇಡುತ್ತಾರೆ, ನನಗೆ ಇಟ್ಟು ನಾಲ್ಕು ತಿಂಗಳಾಯಿತು. ಅದು ಹಸಿವನ್ನು ಕೊಲ್ಲುವುದಿಲ್ಲ. ಯಾವ ಹೊತ್ತಿಗೆ ಹಸಿವು ಜೋರಾಗುತ್ತದೋ ಆ ಹೊತ್ತಿಗೆ ತಟ್ಟಿ ಮಲಗಿಸುತ್ತದೆ, ಅಷ್ಟೇ. ಯಾವ ಹೊತ್ತಿಗೆ ತಟ್ಟಬೇಕು ಎಂಬುದನ್ನು ಮಾತ್ರ ಮೊದಲೇ ಅದಕ್ಕೆ ಹೇಳಿಕೊಡಬೇಕು. ಹೇಳಿಕೊಡುವುದು ಹಸಿವು ಮಂಡಳಿಯ ಕೆಲಸ. ಮಂಡಳಿಯವರು ನಮ್ಮನ್ನು ಕೇಳುವುದಿಲ್ಲ. ಹಸಿದವರ ಮಾತು ನಂಬುವಂಥದ್ದಲ್ಲ ಎಂಬುದು ಅವರ ಸಿದ್ಧಾಂತ. ಅವರು ನಂಬುವುದು ಪೂರ್ವಜರನ್ನು.

ನಿಮ್ಮ ಕಾಲದವರು ಮೊಬೈಲಿನಲ್ಲಿ ಬರೆದಿಟ್ಟದ್ದೆಲ್ಲ ಒಂದು ವಾರದಲ್ಲಿ ಅಳಿಸಿಹೋಯಿತು, ಉಳಿದದ್ದು ಕಾಗದ. ತಿಂದದ್ದನ್ನು ದಿನದಿನವೂ ಕಾಗದದ ಮೇಲೆ ಬರೆದಿಟ್ಟ ಪೂರ್ವಜರಿರುವ ಮನೆತನಗಳು ಈ ಜಿಲ್ಲೆಯಲ್ಲಿ ಒಂಬತ್ತು. ಆ ಒಂಬತ್ತರಲ್ಲಿ ನಮ್ಮದೊಂದು. ನಿಮ್ಮ ನೀಲಿ ರಟ್ಟಿನ ನೋಟುಪುಸ್ತಕ, ಮೇಲೆ ನಿಮ್ಮ ಚೆಂದದ ಅಕ್ಷರದಲ್ಲಿ ‘ಎಂ. ಸರ್ವಮಂಗಳಾ, ಗಣಿತ ಶಿಕ್ಷಕಿ, ತೂಕ ಇಳಿಕೆ’ ಎಂದು ಬರೆದದ್ದು, ನಮ್ಮ ಮನೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ನನ್ನಪ್ಪ ಮದುವೆಯಾಗಿ ಈ ಮನೆಗೆ ಬಂದಾಗ ಈ ಪುಸ್ತಕಕ್ಕೆ ನಮಸ್ಕಾರ ಮಾಡಿಸಿದ್ದರಂತೆ. ಪುಸ್ತಕವಿಲ್ಲದ ಮನೆತನದವರಿಗೆ ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಅಳತೆ. ಅವರು ಬಡಪಾಯಿಗಳೆಂದು ಚಿಕ್ಕಂದಿನಲ್ಲಿ ಕನಿಕರ ಪಡುತ್ತಿದ್ದೆ. ಈಗ ಅವರು ಸಂಜೆ ಅವಲಕ್ಕಿ ತಿನ್ನುವುದನ್ನು ದೂರದಿಂದ ನೋಡುತ್ತೇನೆ.

ಅಜ್ಜಿ, ನಿಮ್ಮ ಪುಸ್ತಕ ನನಗೆ ಬಾಯಿಪಾಠ. ಜೂನ್ ಒಂದು: ತೂಕ ಎಪ್ಪತ್ತೆಂಟು ಮುಕ್ಕಾಲು. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅರ್ಧ ಮುದ್ದೆ, ಸೊಪ್ಪಿನ ಸಾರು, ರಾತ್ರಿ ಒಂದು ಸೌತೆಕಾಯಿ, ಒಂದು ಲೋಟ ಮಜ್ಜಿಗೆ. ಪ್ರತಿ ದಿನದ ಕೊನೆಗೂ ಗೆರೆ ಎಳೆದು ಒಟ್ಟು ಕ್ಯಾಲೊರಿ ಒಂಬೈನೂರು ಚಿಲ್ಲರೆ. ಮತ್ತೆ ಪ್ರತಿ ದಿನವೂ, ಒಂದು ದಿನ ಕೂಡ ತಪ್ಪದೆ, ಈ ಸಾಲು: ‘ಸಂಜೆ ನಾಲ್ಕೂವರೆ: ಸಕ್ಕರೆ ಇಲ್ಲದ ಟೀ. ಹಸಿವೇ ಆಗಲಿಲ್ಲ.’ ಆಗಸ್ಟ್ ಹತ್ತೊಂಬತ್ತರಂದು, ‘ಅತ್ತೆ ಒಂದು ಡಬ್ಬಿ ಕೋಡುಬಳೆ ಕಳಿಸಿದ್ದಾರೆ. ಮುಟ್ಟಲಿಲ್ಲ.’ ಆಗಸ್ಟ್ ಕೊನೆಗೆ ತೂಕ ಎಪ್ಪತ್ತೊಂಬತ್ತೂವರೆ.

ನೀವು ಗಣಿತದ ಮೇಡಂ. ಒಂಬತ್ತನೆಯ ತರಗತಿಯ ಮಗುವೊಂದು ಇಂಥ ಲೆಕ್ಕ ಬರೆದುಕೊಟ್ಟಿದ್ದರೆ ಕಿವಿ ಹಿಂಡುತ್ತಿದ್ದಿರಿ. ಒಂಬೈನೂರು ಕ್ಯಾಲೊರಿ ತಿಂದವರ ತೂಕ ಮೂರು ತಿಂಗಳಲ್ಲಿ ಮುಕ್ಕಾಲು ಕಿಲೋ ಏರುತ್ತದೆಯೇ? ಆದರೆ ಮಂಡಳಿಯವರು ಪೂರ್ವಜರ ಕಿವಿ ಹಿಂಡುವವರಲ್ಲ. ಅವರು ಗಂಭೀರವಾಗಿ ಕುಳಿತು ಚರ್ಚಿಸಿ ಎರಡು ತೀರ್ಮಾನಕ್ಕೆ ಬಂದರು. ಒಂದು, ಈ ಮನೆತನದವರು ಗಾಳಿ ಕುಡಿದೂ ದಪ್ಪವಾಗುತ್ತಾರೆ. ಆದ್ದರಿಂದ ಇವರ ಅಳತೆಯನ್ನು ದಿನಕ್ಕೆ ಏಳುನೂರ ಅರವತ್ತು ಕ್ಯಾಲೊರಿಗೆ ಇಳಿಸತಕ್ಕದ್ದು. ಎರಡು, ಈ ಮನೆತನದವರಿಗೆ ಸಂಜೆ ಹಸಿವಾಗುವುದಿಲ್ಲ. ಆದ್ದರಿಂದ ಇವರ ಮಣಿ ಸಂಜೆಯ ಹೊತ್ತು ಕೆಲಸ ಮಾಡತಕ್ಕದ್ದಲ್ಲ. ಬೆಳಿಗ್ಗೆ ಎದ್ದಾಗ, ನನಗೆ ಒಂದಿಷ್ಟೂ ಹಸಿವಿಲ್ಲದ ಹೊತ್ತಿನಲ್ಲಿ, ಮಣಿ ತಟ್ಟೀ ತಟ್ಟೀ ಸುಸ್ತಾಗುತ್ತದೆ. ಸಂಜೆ ನಾಲ್ಕೂವರೆಗೆ ಅದು ಮಲಗಿಬಿಡುತ್ತದೆ, ನನ್ನ ಹೊಟ್ಟೆ ಎದ್ದು ಕೂರುತ್ತದೆ.

ನಮ್ಮಲ್ಲಿ ಮನೆಮನೆಗೂ ಅಡುಗೆಮನೆಯಿಲ್ಲ, ಬೀದಿಗೊಂದು ಊಟಮನೆ. ನಮ್ಮ ಊಟಮನೆಯ ಮರುಳಯ್ಯ ಕರುಣೆಯ ಮನುಷ್ಯ, ಆದರೆ ಅವನ ಸೌಟು ಮಂಡಳಿಯ ಪಟ್ಟಿ ದಾಟುವುದಿಲ್ಲ. ನನ್ನ ತಟ್ಟೆಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ ಹಾಕಿ, ತಾನೇ ತಪ್ಪು ಮಾಡಿದವನಂತೆ ನಿಲ್ಲುತ್ತಾನೆ. “ಪಟ್ಟೀಲಿ ಇರೋದೇ ಇಷ್ಟು ಕಣವ್ವ. ನಿಮ್ಮಜ್ಜಿ ಇಷ್ಟರಲ್ಲೇ ಸುಖವಾಗಿದ್ರಂತಲ್ಲ, ನಿಂಗೇನಾಯ್ತು?” ಎನ್ನುತ್ತಾನೆ. ಅಜ್ಜಿ, ನಾಲ್ಕು ತಿಂಗಳಿಂದ ಇದೇ ಪ್ರಶ್ನೆಯನ್ನು ನಾನೂ ಕೇಳಿಕೊಂಡಿದ್ದೇನೆ. ನಿಮ್ಮದೇ ರಕ್ತ, ನಿಮ್ಮದೇ ಅಳತೆ. ನಿಮಗಾದ ಸಂಯಮ ನನಗೆ ಯಾಕಾಗುತ್ತಿಲ್ಲ ಎಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಅತ್ತಿದ್ದೇನೆ. ಇದು ಉತ್ಪ್ರೇಕ್ಷೆಯಲ್ಲ.

ಹೋದ ತಿಂಗಳು ಒಂದು ಸಂಜೆ, ಹತ್ತೊಂಬತ್ತನೆಯ ಅಂತಸ್ತಿನಲ್ಲಿ ಹಸಿವಿಗೆ ತಲೆ ಸುತ್ತಿತು. ಕಣ್ಣಿಗೆ ದೇವರಾಯನದುರ್ಗ ಎರಡಾಗಿ ಕಂಡಿತು. ಕೈಯಲ್ಲಿದ್ದ ಕತ್ತರಿ ಜಾರಿ, ಊಟಮನೆಯ ತಗಡಿನ ಚಾವಣಿಯ ಮೇಲೆ ಬಿತ್ತು. ಮರುಳಯ್ಯ ಸೌಟು ಹಿಡಿದೇ ಹೊರಗೆ ಓಡಿಬಂದ. ಯಾರಿಗೂ ಏಟಾಗಲಿಲ್ಲ. ಆದರೆ ನಾನು ಹಗ್ಗ ಹಿಡಿದುಕೊಂಡು ಕಣ್ಣು ಮುಚ್ಚಿ ಕುಳಿತಾಗ ಮೊದಲ ಸಲ ಹೆದರಿದೆ. ಇಪ್ಪತ್ತು ವರ್ಷದಲ್ಲಿ ಆ ಎತ್ತರ ನನಗೆ ಎತ್ತರವಾಗಿ ಕಂಡಿರಲೇ ಇಲ್ಲ. ತೋಟದ ಮೇಲ್ವಿಚಾರಕಿ ಯುಗಾದಿಯ ಗಡುವನ್ನು ಕಾಗದದಲ್ಲಿ ಬರೆದು ಕೈಗೆ ಕೊಟ್ಟಳು.

ಮರುದಿನ ನಿಮ್ಮ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ದಾಖಲೆಮನೆಗೆ ಹೊತ್ತುಕೊಂಡು ಹೋದೆ. ಮಂಡಳಿಯವರು ಎಲ್ಲೋ ಒಂದು ಸಂಖ್ಯೆಯನ್ನು ತಪ್ಪಾಗಿ ಓದಿರಬಹುದೆಂಬ ಆಸೆ. ಅಲ್ಲಿ ಹಳೆಯ ಕಾಗದ ಪರೀಕ್ಷಿಸುವ ನಿಜಗುಣ ಎಂಬುವವನಿದ್ದಾನೆ, ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡವನು, ಮಾತು ಕಡಿಮೆ. ನಿಮ್ಮ ಆಗಸ್ಟ್ ಹತ್ತೊಂಬತ್ತರ ಹಾಳೆಯನ್ನು ಒಂದು ನೇರಳೆ ದೀಪದಡಿ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ, “ಅಕ್ಕ, ಇಲ್ಲಿ ನೋಡು. ನಿಮ್ಮಜ್ಜಿ ಹಸಿವೇ ಆಗ್ಲಿಲ್ಲ ಅಂತ ಬರ್ದವ್ರೆ. ಹಾಳೆ ಮಾತ್ರ ಬೇರೆ ಹೇಳ್ತೈತೆ,” ಎಂದ.

ಆ ಸಾಲಿನ ಪಕ್ಕದಲ್ಲಿ ನಾಲ್ಕು ಉಂಗುರಗಳಿದ್ದವು. ಬರಿಗಣ್ಣಿಗೆ ಕಾಣದಷ್ಟು ತೆಳುವಾದ ಎಣ್ಣೆಯ ಗುರುತು, ಒಂದೊಂದೂ ದುಂಡಗೆ. ಕಡಲೆಕಾಯಿ ಎಣ್ಣೆ, ಅಕ್ಕಿಹಿಟ್ಟು, ಹುರಿಗಡಲೆ, ಖಾರದ ಪುಡಿ ಎಂದು ನಿಜಗುಣ ಒಂದೊಂದನ್ನೇ ಓದಿ ಹೇಳಿದ. ನನಗೆ ಎಲ್ಲ ಕಣ್ಣಿಗೆ ಕಟ್ಟಿದಂತಾಯಿತು. ಶಾಲೆಯಿಂದ ಬಂದಿದ್ದೀರಿ, ಕೈಚೀಲ ಇನ್ನೂ ಹೆಗಲಲ್ಲೇ ಇದೆ, ಅಡುಗೆಮನೆಯ ಕಟ್ಟೆಯ ಮುಂದೆ ನಿಂತಿದ್ದೀರಿ. ತಟ್ಟೆ ತೆಗೆದುಕೊಂಡರೆ ತಿಂದ ಹಾಗಾಗುತ್ತದೆ, ಕುಳಿತರೆ ತಿಂಡಿಗೆ ಕುಳಿತ ಹಾಗಾಗುತ್ತದೆ. ಆದ್ದರಿಂದ ನಿಂತೇ ಇದ್ದೀರಿ, ಕೋಡುಬಳೆಗಳನ್ನು ತೆರೆದ ನೋಟುಪುಸ್ತಕದ ಮೇಲೇ ಇಟ್ಟುಕೊಂಡಿದ್ದೀರಿ, ಒಂದು ಕೈಯಲ್ಲಿ ತಿನ್ನುತ್ತ ಇನ್ನೊಂದು ಕೈಯಲ್ಲಿ ‘ಮುಟ್ಟಲಿಲ್ಲ’ ಎಂದು ಬರೆದಿದ್ದೀರಿ. ಮಿಕ್ಕ ಹಾಳೆಗಳನ್ನೂ ದೀಪದಡಿ ಹಿಡಿಸಿದೆ. ಸೌತೆಕಾಯಿಯ ದಿನ ಹೋಳಿಗೆಯ ತುಪ್ಪ. ಮಜ್ಜಿಗೆಯ ದಿನ ಮಗುವಿನ ತಟ್ಟೆಯಲ್ಲಿ ಉಳಿದ ಚಿತ್ರಾನ್ನದ ಅರಿಸಿನ. ಇಡೀ ಪುಸ್ತಕದಲ್ಲಿ ಎಣ್ಣೆ ಸೋಕದ ಹಾಳೆಗಳು ಹನ್ನೊಂದು, ಅವೂ ನಿಮಗೆ ಜ್ವರ ಬಂದಿದ್ದ ದಿನಗಳವು.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ? ಆರು ತಲೆಮಾರು ನಿಮ್ಮ ಸಂಯಮಕ್ಕೆ ಕೈಮುಗಿದಿದೆ. ನನ್ನಮ್ಮ ಸಂಜೆಯ ಹಸಿವನ್ನು ಹೊಟ್ಟೆನೋವು ಎಂದುಕೊಂಡು ನಲವತ್ತು ವರ್ಷ ಕಳೆದಳು. ನಮ್ಮ ಮನೆತನಕ್ಕೆ ಸಂಜೆ ಹಸಿವಿಲ್ಲವಲ್ಲ, ಹಾಗಾಗಿ ಅದು ಹಸಿವಾಗಿರಲು ಸಾಧ್ಯವಿಲ್ಲ ಎಂದು ವೈದ್ಯರು ಕಷಾಯ ಕೊಟ್ಟರು. ನಾಲ್ಕು ಕೋಡುಬಳೆ, ಅಜ್ಜಿ. ನಾಲ್ಕು ಕೋಡುಬಳೆ ಎಂದು ಬರೆದಿದ್ದರೆ ಯಾರು ನಿಮ್ಮನ್ನು ಗಲ್ಲಿಗೇರಿಸುತ್ತಿದ್ದರು?

ಯಾರೆಂದು ಆಮೇಲೆ ಗೊತ್ತಾಯಿತು. ಪ್ರತಿ ಶನಿವಾರದ ಹಾಳೆಯ ಮೂಲೆಯಲ್ಲಿ ಕೆಂಪು ಶಾಯಿಯ ಒಂದು ಸರಿ ಗುರುತಿದೆ, ಕೆಳಗೆ ‘ಗುಡ್, ಕೀಪ್ ಇಟ್ ಅಪ್’ ಎಂದಿದೆ. ಅದು ನಿಮ್ಮ ಪುಸ್ತಕವನ್ನು ವಾರವಾರವೂ ನೋಡುತ್ತಿದ್ದ ಡಯಟಿಷಿಯನ್ ಹುಡುಗಿಯದು. ಎರಡನೆಯ ಶನಿವಾರ ಮಾತ್ರ ಗುರುತಿಲ್ಲ. ಆ ವಾರ ನೀವು ‘ಬುಧವಾರ ಎರಡು ಬೋಂಡ’ ಎಂದು ಬರೆದಿದ್ದಿರಿ. ಅದರ ಸುತ್ತ ಕೆಂಪು ಸುತ್ತು ಹಾಕಿ, ಆಕೆ ‘ವಿಲ್ ಪವರ್ ಬೇಕು ಮೇಡಂ’ ಎಂದು ಬರೆದಿದ್ದಾಳೆ. ಆಮೇಲೆ ನೀವು ಒಂದು ಬೋಂಡವನ್ನೂ ಬರೆದಿಲ್ಲ. ಇಪ್ಪತ್ತು ವರ್ಷ ಮಕ್ಕಳ ಪುಸ್ತಕಗಳಿಗೆ ಕೆಂಪು ಗುರುತು ಹಾಕಿದವರಿಗೆ ತಮ್ಮ ಪುಸ್ತಕದಲ್ಲಿ ಸರಿ ಗುರುತು ಕಾಣದೆ ಹೋದರೆ ಎಷ್ಟು ನಾಚಿಕೆಯಾಗಿರಬೇಕು. ಆಕೆಗೆ ಇಪ್ಪತ್ತನಾಲ್ಕು ವರ್ಷವಿದ್ದಿರಬಹುದು, ನಿಮ್ಮದೇ ಶಾಲೆಯಲ್ಲಿ ಓದಿದವಳೂ ಇರಬಹುದು. ಅವಳ ಮುಂದೆ ತಲೆ ತಗ್ಗಿಸುವುದು ತಪ್ಪಲಿ ಎಂದು ನೀವು ಬರೆದದ್ದನ್ನು ನಾನು ಹತ್ತೊಂಬತ್ತನೆಯ ಅಂತಸ್ತಿನಲ್ಲಿ ಅನುಭವಿಸುತ್ತಿದ್ದೇನೆ.

ಈಗ ನನ್ನದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೈಯುವ ಹಕ್ಕು ನನಗೂ ಇರುವುದಿಲ್ಲ. ನಮ್ಮಲ್ಲಿ ಒಂದು ಪದ್ಧತಿಯಿದೆ: ಏನು ಬಾಯಿಗೆ ಹಾಕಿಕೊಂಡರೂ ಗಟ್ಟಿಯಾಗಿ ‘ತಿಂದೆ’ ಎನ್ನಬೇಕು, ಮಣಿ ಅದನ್ನು ಕೇಳಿ ಗುರುತು ಹಾಕಿಕೊಳ್ಳುತ್ತದೆ. ಊಟಮನೆಯ ತುಂಬ ದಿನವಿಡೀ ‘ತಿಂದೆ, ತಿಂದೆ’ ಎಂಬ ಸದ್ದು. ನಾನು ನಾಲ್ಕು ತಿಂಗಳಿಂದ ತೂಗುಮಣೆಯ ಮೇಲೆ, ಗೋಡೆಯ ಕಡೆ ಮುಖ ಮಾಡಿ, ಹಸಿ ಬಟಾಣಿಯನ್ನು ಮುಷ್ಟಿಗಟ್ಟಲೆ ತಿಂದು ತುಟಿ ಬಿಗಿದುಕೊಂಡಿದ್ದೇನೆ. ನೇತಾಡಿಕೊಂಡು ತಿಂದದ್ದು ತಿಂದ ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದ ಮೇಲೆ ಹೇಗೂ ಕೆಟ್ಟೆನಲ್ಲ ಎಂದು ಬೆಲ್ಲದ ಡಬ್ಬಿಗೂ ಕೈ ಹಾಕಿದೆ. ಒಟ್ಟು ತೂಕ ಎರಡು ಕಿಲೋ ಇಳಿದು ಎರಡು ಕಿಲೋ ಏರಿತು. ನಿಮ್ಮ ಮೊಮ್ಮಗಳೇ ನಾನು, ಅನುಮಾನವೇ ಬೇಡ.

ಹೋದ ವಾರ ನಿಜಗುಣ ತೋರಿಸಿದ್ದನ್ನು ನಂಬಿ ಒಂದು ಪ್ರಯೋಗ ಮಾಡಿದೆ. ಸಂಜೆ ನಾಲ್ಕು ಗಂಟೆಗೇ, ಹೊಟ್ಟೆ ಗಲಾಟೆ ಶುರುಮಾಡುವ ಮೊದಲೇ, ಕೆಳಗಿಳಿದು ಬಂದು ಬೆಂಚಿನ ಮೇಲೆ ಕುಳಿತೆ. ಒಂದು ಬಟ್ಟಲು ಬೇಯಿಸಿದ ಹೆಸರುಕಾಳು, ಒಂದು ಲೋಟ ಮಜ್ಜಿಗೆ ತೆಗೆದುಕೊಂಡು, ಒಂದೊಂದೇ ಕಾಳು ಅಗಿದು, ಎಲ್ಲರಿಗೂ ಕೇಳುವಂತೆ ‘ತಿಂದೆ’ ಎಂದೆ. ಮರುಳಯ್ಯ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಬೇರೆ ಕಡೆ ನೋಡಿದ. ಆರು ದಿನ ಹೀಗೆ ಮಾಡಿದೆ. ತಲೆ ಸುತ್ತಲಿಲ್ಲ. ಬಟಾಣಿ ನೆನಪಾಗುತ್ತದೆ, ಆದರೆ ಹದಿನೈದಿಪ್ಪತ್ತು ನಿಮಿಷ ಕೆಲಸದಲ್ಲಿ ಮುಳುಗಿದರೆ ಆ ನೆನಪು ತಾನೇ ಎದ್ದು ಹೋಗುತ್ತದೆ. ಬೆಲ್ಲದ ಡಬ್ಬಿಯ ಹತ್ತಿರವೂ ಹೋಗಲಿಲ್ಲ. ಹೆಚ್ಚು ತಿಂದು ಮುಕ್ಕಾಲು ಕಿಲೋ ಇಳಿದೆ. ಇಷ್ಟು ಸಣ್ಣ ವಿಷಯ ತಿಳಿಯಲು ನೂರ ಅರವತ್ತು ವರ್ಷ ಬೇಕಾಯಿತೇ ಎಂದು ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಏಳನೆಯ ದಿನ ಮಂಡಳಿಗೆ ಸುದ್ದಿ ಹೋಗಿ ಹೆಸರುಕಾಳು ನಿಂತಿತು. ಎಣ್ಣೆಯ ಉಂಗುರಗಳ ವಿಷಯ ಹೇಳಿದೆ. ಕಲೆ ಸಾಕ್ಷಿಯಾಗುವುದಿಲ್ಲ, ಪೂರ್ವಜರ ಕೈಬರಹ ಮಾತ್ರ ಸಾಕ್ಷಿ ಎಂದರು. ನಿಮ್ಮ ಕೈಯಿಂದ ನೀವು ಬರೆದ ಒಂದು ಸಾಲು ಇದ್ದರೆ ಅಳತೆ ಬದಲಾಗುತ್ತದಂತೆ, ಮಣಿ ಸಂಜೆ ಎಚ್ಚರವಾಗಿರುತ್ತದಂತೆ. ಅದಕ್ಕೇ ಈ ಹಿಂದಂಚೆ. ಲಾಟರಿಯ ಸಂಖ್ಯೆ ಹೇಳಿ ಕಳಿಸುತ್ತಿಲ್ಲ, ಚಿನ್ನ ಹೂತಿಡಿ ಎನ್ನುತ್ತಿಲ್ಲ. ಆಗಸ್ಟ್ ಹತ್ತೊಂಬತ್ತರ ಹಾಳೆಯ ಕೆಳಗೆ ಎರಡು ಗೆರೆ ಖಾಲಿ ಇವೆ. ಅಲ್ಲಿ ನಿಜ ಬರೆಯಿರಿ. ಡಯಟಿಷಿಯನ್ ಕೆಂಪು ಸುತ್ತು ಹಾಕಿದರೆ ಹಾಕಿಕೊಳ್ಳಲಿ. ನನ್ನ ಕಡೆಯಿಂದ ನಿಮಗೆ ನೂರಕ್ಕೆ ನೂರು.

ಇದು ಮೂರನೆಯ ಹಾಳೆಯ ಕೊನೆ. ನಿಮ್ಮ ಪುಸ್ತಕವನ್ನು ಅದೇ ಪುಟಕ್ಕೆ ತೆರೆದು ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಇನ್ನೂ ಖಾಲಿಯಿದೆ. ನೀವು ನಂಬಲಿಲ್ಲವೋ, ಪೆನ್ನು ಹುಡುಕುತ್ತಿದ್ದೀರೋ ತಿಳಿಯದು.

ಈಗ ನೀಲಿ ಶಾಯಿ ಮೂಡುತ್ತಿದೆ. ನಿಮ್ಮದೇ ಅಕ್ಷರ. ‘ಒಂದು ಕೋಡುಬಳೆ ತಿಂದೆ.’

ಅಜ್ಜಿ, ಒಂದಲ್ಲ.

ಈಗ ‘ಒಂದು’ ಎಂಬುದರ ಮೇಲೆ ಗೆರೆ ಬಿತ್ತು, ಮೇಲೆ ‘ನಾಲ್ಕು’ ಎಂದಾಯಿತು, ಪಕ್ಕದಲ್ಲಿ ‘ನಿಂತುಕೊಂಡು’ ಎಂದೂ ಸೇರಿತು. ಕೆಳಗಿನ ಗೆರೆಯಲ್ಲಿ ಇನ್ನೊಂದು ಸಾಲು ನಿಧಾನವಾಗಿ ಬರುತ್ತಿದೆ. ‘ತುಂಬಾ ಹಸಿವಾಗಿತ್ತು.’

ಇಷ್ಟು ಸಾಕು. ನಾಳೆ ಬೆಳಿಗ್ಗೆಯೇ ಇದನ್ನು ಮಂಡಳಿಗೆ ಹೊತ್ತುಕೊಂಡು ಹೋಗುತ್ತೇನೆ. ನೀವು ಕೈಚೀಲ ಕೆಳಗಿಡಿ ಅಜ್ಜಿ, ಒಂದು ತಟ್ಟೆ ತೆಗೆದುಕೊಳ್ಳಿ, ಕೂತುಕೊಂಡು ತಿನ್ನಿ.

ನಿಮ್ಮ
ಗಂಗಲೆ